ಹೊನ್ನಾಜಮ್ಮ ಕಿತ್ತ ಜೇಕು

ಮೋಡಗಳು ದನಗಳ ಜೊತೆಯಲ್ಲೇ ಮೇಯುತ್ತಿದ್ದ ಕಾಲದಲ್ಲಿ, ಒಂದಾನೊಂದು ಬೆಟ್ಟದ ನೆತ್ತಿಯಲ್ಲಿ ಒಂದು ಊರಿತ್ತಂತೆ. ಆ ಊರಿಗೊಬ್ಬ ಗೌಡತಿ, ಹೊನ್ನಾಜಮ್ಮ. ಅವಳಿಗೆ ಒಬ್ಬಳೇ ಮಗಳು, ಸಣ್ಣತಾಯಿ.

ಆ ಸೀಮೆಯಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಹೆಣ್ಣನ್ನು ನೋಡುತ್ತಿರಲಿಲ್ಲವಂತೆ, ಊರಿನ ಒರತೆಯನ್ನು ನೋಡುತ್ತಿದ್ದರಂತೆ. ಗಂಡಿನ ತಾಯಿ ಬೊಗಸೆ ನೀರು ಬಾಯಿಗಿಟ್ಟು ನುಂಗಿದರೆ ಸಂಬಂಧ, ಉಗುಳಿದರೆ ಇಲ್ಲ.

ನಾಳೆ ಹೆಣ್ಣು ನೋಡಲು ಬರುತ್ತಾರೆಂದು ಸುದ್ದಿ ಬಂದದ್ದೇ ತಡ, ಹೊನ್ನಾಜಮ್ಮ ಒರತೆಗೆ ಹೋದಳು. ಸುತ್ತಲೂ ಮೊಣಕಾಲೆತ್ತರದ ಜೇಕುಹುಲ್ಲು, ಮೂರು ಮೂಲೆಯ ದಂಟು, ಕೆದರಿದ ತೆನೆ.

"ಥೂ, ಬಾಚದ ತಲೆಯ ಹಾಗಿದೆ! ಬೀಗರು ಏನಂದುಕೊಂಡಾರು?" ಎಂದು ಸೆರಗು ಸಿಕ್ಕಿಸಿ, ಅಷ್ಟನ್ನೂ ಬುಡಸಮೇತ ಕಿತ್ತು ದಿಬ್ಬದಾಚೆ ಎಸೆದಳಂತೆ. ಒರತೆ ಸಾರಿಸಿದ ಅಂಗಳದಂತಾಯಿತು.

ಮನೆಗೆ ಬಂದರೆ ಬಾಗಿಲಲ್ಲಿ ಕಪ್ಪೆ.

"ಗೌಡತಿ, ಗೌಡತಿ, ನನ್ನ ಮನೆ ಎಲ್ಲಿ?"

"ಮನೆಯಂತೆ ಮನೆ! ಕಳೆ ಕಣೋ ಅದು."

ಕಪ್ಪೆ ಹೋಯಿತು, ಬುರ್ಲಿ ಹಕ್ಕಿ ಬಂತು.

"ಗೌಡತಿ, ಗೌಡತಿ, ನನ್ನ ಮೊಟ್ಟೆಗೆ ಮರೆ ಎಲ್ಲಿ?"

"ನಿನ್ನ ಮೊಟ್ಟೆಗೆ ಚಪ್ಪರ ಹಾಕಿಸಲೇನೆ? ನನಗೆ ಒಬ್ಬಳ ಮದುವೆಯೇ ಸಾಕಾಗಿದೆ!"

ಬುರ್ಲಿ ಹೋಯಿತು, ಕಡವೆ ಬಂತು.

"ಗೌಡತಿ, ಗೌಡತಿ, ನನ್ನ ಎಳೆಮೇವು ಎಲ್ಲಿ?"

"ಅಯ್ಯೋ ಶಿವನೇ! ಒಂದು ಹುಲ್ಲು ಕಿತ್ತದ್ದಕ್ಕೆ ಇಡೀ ಕಾಡೇ ಪಂಚಾಯಿತಿಗೆ ಬಂತಲ್ಲ!" ಎಂದು ಹೊನ್ನಾಜಮ್ಮ ದಡಾರನೆ ಬಾಗಿಲು ಹಾಕಿಕೊಂಡಳಂತೆ.

ಆ ರಾತ್ರಿ ಮಳೆ ಹಿಡಿಯಿತು. ಮಣ್ಣು ಹಿಡಿದಿಡುವ ಬೇರಿಲ್ಲ, ನೀರು ಸೋಸುವ ಬುಡವಿಲ್ಲ. ದಿಬ್ಬದ ಮಣ್ಣೆಲ್ಲ ಜಾರಿ ಒರತೆಗೇ ಇಳಿಯಿತು. ಬೆಳಿಗ್ಗೆ ಸಣ್ಣತಾಯಿ ಖಾಲಿ ಕೊಡ ಹಿಡಿದು ಅಳುತ್ತ ಬಂದಳು.

"ಅವ್ವಾ, ಇವತ್ತು ಅವರು ಬರೋದು! ನೀರು ನೋಡಿದರೆ ರಾಗಿ ಅಂಬಲಿಯ ಹಾಗಿದೆ."

ಹೊನ್ನಾಜಮ್ಮ ಓಡಿದಳು. ಎಸೆದಿದ್ದ ಬುಡಗಳನ್ನೆಲ್ಲ ಹೊತ್ತು ತಂದು, ಮೊಣಕಾಲುದ್ದ ಕೆಸರಲ್ಲಿ ನಿಂತು ನೆಡತೊಡಗಿದಳು. ಕಪ್ಪೆ ಕಲ್ಲಿನ ಮೇಲೆ ಕೂತು, "ಅಲ್ಲಲ್ಲ, ಈಚೆಗೆ. ಇನ್ನೂ ಆಳಕ್ಕೆ," ಎನ್ನುತ್ತಿತ್ತಂತೆ.

"ಬಾಯಿ ಮುಚ್ಚೋ! ನೆಡ್ತಾ ಇದ್ದೀನಲ್ಲ!"

"ಯಾರಿಗಮ್ಮ ಬಯ್ತಿದ್ದೀರಿ?" ಎಂದಿತು ಹಿಂದಿನಿಂದೊಂದು ದನಿ. ನೋಡಿದರೆ ಗಂಡಿನ ತಾಯಿ! ಹೊನ್ನಾಜಮ್ಮ ಕೈಯಲ್ಲಿದ್ದ ಬುಡವನ್ನು ಬೆನ್ನ ಹಿಂದೆ ಅಡಗಿಸಿದಳು. ಮಗಳ ಸಂಬಂಧ ಹೋಯಿತೆಂದೇ ತಿಳಿದಳು.

ಆ ಹೆಂಗಸು ಕೆಂಪು ನೀರನ್ನೂ ನೋಡಿದಳು, ಕೆಸರಾದ ಗೌಡತಿಯನ್ನೂ ನೋಡಿದಳು. "ನಮ್ಮೂರ ಒರತೇಲಿ ಜೇಕು ಕಿತ್ತವಳು ನಾನೇ ತಾಯಿ. ತಿರುಗಿ ನೆಡೋ ಬುದ್ಧಿ ಬರಲಿಲ್ಲ, ಒರತೆ ಹೂತೇ ಹೋಯಿತು," ಎಂದು ಕಲ್ಲಿನ ಮೇಲೆ ಕುಳಿತಳು. ಕೆಸರು ತಳಕ್ಕಿಳಿಯುವವರೆಗೂ ಕಾದು, ಬೊಗಸೆಯಲ್ಲಿ ಮೊಗೆದು, ನುಂಗಿಯೇಬಿಟ್ಟಳಂತೆ.

"ಚಿನ್ನಗಿನ್ನ ಬೇಡ ಬೀಗಿತ್ತಿ. ಬಳುವಳಿಗೆ ಈ ಜೇಕಿನ ಬುಡ ನಾಲ್ಕು ಕೊಡಿ, ಸಾಕು."

ಹೊನ್ನಾಜಮ್ಮ ಹಣೆ ಚಚ್ಚಿಕೊಂಡಳು. "ಈಗಷ್ಟೇ ನೆಟ್ಟಿದ್ದೀನಲ್ಲಮ್ಮಾ! ಮತ್ತೆ ಕೀಳಲಾ?"

"ಕಿತ್ತು ನೋಡು!" ಎಂದಿತು ಕಪ್ಪೆ.

ಬೇರು ಕಚ್ಚಿ, ಬಳುವಳಿಗೆ ಕೊಡುವಷ್ಟು ಬುಡ ಕವಲೊಡೆಯುವವರೆಗೂ ಮದುವೆ ತಡೆದರಂತೆ. ಅವರು ಅಲ್ಲಿ ತಿಳಿನೀರು ಕುಡಿದರು, ಇಲ್ಲಿ ಹೇಳಿದವರಿಗೆ ಬಾಯಾರಿತು.