ಸೋತ ಟಿಟ್ಟವ್ವ ಏರಿ ಬಿಟ್ಟು ಇಳಿಯಲಿಲ್ಲ

ಕೇಳಿ ಮಕ್ಕಳೇ, ಕುರುಚಲು ಕಾಡಿನ ಅಂಚಿನಲ್ಲಿ ಒಂದು ಕೆರೆ. ಆ ಕೆರೆಯ ಅಧ್ಯಕ್ಷಗಿರಿಗೆ ಇಬ್ಬರು ನಿಂತರು. ಒಬ್ಬ ಹೆಜ್ಜಾರ್ಲೆ ದೊಡ್ಡಯ್ಯ, ಜೋಳಿಗೆಯಂಥ ಕೊಕ್ಕಿನ ಭಾರಿ ಹಕ್ಕಿ. ಇನ್ನೊಬ್ಬಳು ಟಿಟ್ಟಿಭ ಹಕ್ಕಿಯ ಹೆಣ್ಣು ಟಿಟ್ಟವ್ವ. ಕಡ್ಡಿಯಂಥ ಕಾಲು, ಕೂಗಿದರೆ ಕಿವಿ ತೂತಾಗುವ ಗಂಟಲು.

"ಹೆಚ್ಚಿನ ನೀರು ಕೋಡಿಯಲ್ಲಿ ಹರಿದು ಹಾಳಾಗೋದು ಯಾಕೆ? ಕೋಡಿ ಮುಚ್ಚಿಸುತ್ತೇನೆ. ಕೆರೆ ಕಡಲಾಗುತ್ತದೆ, ಮನೆಮನೆಗೂ ಮೀನು!" ಅಂದ ದೊಡ್ಡಯ್ಯ.

"ಏರಿಯ ಮೇಲ್ಗಡೆಯೆಲ್ಲ ಏಡಿಬಿಲ. ನೀರು ಅಲ್ಲಿಗೆ ಬಂದರೆ ಏರಿ ಒಡೆಯುತ್ತದೆ" ಅಂದಳು ಟಿಟ್ಟವ್ವ.

ಮೀನು ಅಂದವನಿಗೆ ಓಟು ಬೀಳುತ್ತದೋ, ಬಿಲ ಅಂದವಳಿಗೋ? ಅಲ್ಲಿ ಓಟು ಅಂದರೆ ತಮಗೆ ಬೇಕಾದವರ ಬೆನ್ನ ಹಿಂದೆ ಸಾಲು ನಿಲ್ಲುವುದು. ದೊಡ್ಡಯ್ಯನ ಸಾಲು ಕೆರೆಯನ್ನೇ ಸುತ್ತಿತು. ಟಿಟ್ಟವ್ವನ ಹಿಂದೆ ಒಂದೇ ಒಂದು ಕಪ್ಪೆ, ಅದೂ ನಿದ್ದೆಗಣ್ಣಲ್ಲಿ ಸಾಲು ತಪ್ಪಿ ಬಂದದ್ದು. ಇನ್ನೊಂದು ಹೇಳಬೇಕೋ ಬೇಡವೋ... ಹೇಳಿಯೇ ಬಿಡೋಣ. ಅವಳ ಗಂಡನೇ ಆ ಕಡೆ ಸಾಲಿನಲ್ಲಿ ಕತ್ತು ತಗ್ಗಿಸಿ ನಿಂತಿದ್ದ!

ಆ ಕೆರೆಯಲ್ಲೊಂದು ಕಟ್ಟಳೆ. ಸೋತವರು ಸಭೆಯಲ್ಲಿ ತಾವರೆದಂಟು ಕಚ್ಚಿಕೊಂಡು ಕೂರಬೇಕು, ಮಾತಾಡಕೂಡದು. ಈ ಅವಮಾನ ಯಾರಿಗೆ ಬೇಕೆಂದು ಸೋತವರೆಲ್ಲ ತಾವಾಗಿಯೇ ರಾಜಕೀಯ ಬಿಟ್ಟು ಗುಡ್ಡ ಸೇರುತ್ತಿದ್ದರು.

ನಾಮದಕೋಳಿ ಶೇಷಮ್ಮ ತೇಲಿಕೊಂಡು ಬಂದಳು. ಹಣೆ ಮೇಲೆ ಬಿಳೀ ನಾಮ, ಬಾಯಲ್ಲಿ ಊರ ಸುದ್ದಿ.

"ಏನೇ ಟಿಟ್ಟವ್ವ, ಇನ್ನೂ ಇಲ್ಲೇ ಇದ್ದೀಯ? ಆಕಾಶ ಬೀಳುತ್ತೆ ಅಂತ ಕಾಲು ಮೇಲೆತ್ತಿ ಮಲಗೋ ಕುಲ ನಿಮ್ಮದು. ಈಗ ಏರಿ ಒಡೆಯುತ್ತೆ ಅಂತ ಶುರು ಹಚ್ಚಿದ್ದೀಯ. ಮರ್ಯಾದೆಯಾಗಿ ಮರಿ ಸಾಕಿಕೊಂಡು ಇರಬಾರದೇನೇ?"

"ಮರೀನೂ ಸಾಕ್ತೀನಿ, ಏರೀನೂ ನೋಡ್ತೀನಿ ಶೇಷಕ್ಕ. ನನಗೆ ಎರಡು ಕಾಲಿದೆ."

ಮಳೆ ಹಿಡಿಯಿತು. ದೊಡ್ಡಯ್ಯನ ಕಡೆಯವರು ಜೊಂಡು, ಕೆಸರು ಮೆತ್ತಿ ಕೋಡಿ ಮುಚ್ಚಿದ್ದರಲ್ಲ, ನೀರು ದಿನದಿನಕ್ಕೂ ಮೇಲೆ ಬಂತು. ಟಿಟ್ಟವ್ವನ ಗಂಡ ಮರಿಗಳನ್ನು ನಡೆಸಿಕೊಂಡು ಗುಡ್ಡಕ್ಕೆ ಹೊರಟ.

"ಬಾರೇ, ನಮ್ಮ ಮರಿಗಳಿಗೇನೂ ಆಗಲ್ಲ. ಒಡೆದರೆ ಒಡೆಯಲಿ ಬಿಡು, ಆಗ ಬುದ್ಧಿ ಬರುತ್ತೆ ಅವರಿಗೆ."

ಸುಳ್ಳೇಕೆ, ಟಿಟ್ಟವ್ವನಿಗೂ ಒಂದು ಗಳಿಗೆ ಆಸೆಯಾಯಿತು. ಗುಡ್ಡದ ಮೇಲೆ ಕೂತು 'ನಾನು ಆಗಲೇ ಹೇಳಿರಲಿಲ್ಲವೇ' ಅನ್ನುವ ಸುಖವಿದೆಯಲ್ಲ, ಅದು ಹೋಳಿಗೆಗಿಂತ ರುಚಿ. ಆದರೆ ಏರಿಯ ಕೆಳಗೆ ಮರಳಲ್ಲಿ ಆಮೆಗಳ ಮೊಟ್ಟೆ ಇತ್ತು. ಪೊದೆಯಲ್ಲಿ ಮುಂಗುಸಿಯ ಕಣ್ಣುಬಿಡದ ಮರಿಗಳಿದ್ದವು.

"ಬುದ್ಧಿ ಬರೋದು ದೊಡ್ಡವರಿಗೆ, ಕೊಚ್ಚಿಕೊಂಡು ಹೋಗೋದು ಕೂಸುಗಳು. ನೀವು ಮರಿ ನೋಡಿಕೊಳ್ಳಿ" ಅಂದವಳೇ ನೇರ ಸಭೆಗೆ ಹಾರಿದಳು. ಕಚ್ಚಲು ಕೊಟ್ಟ ದಂಟನ್ನು ಥೂ ಎಂದು ಉಗಿದಳು.

"ನೀರು ಏಡಿಬಿಲ ಮುಟ್ಟಿದೆ! ಕೋಡಿ ತೆಗೆಯಿರಿ!"

"ದಂಟು ಕಚ್ಚೇ ಮೊದಲು!"

"ಸೋತವಳಿಗೆ ಹೊಟ್ಟೆಯುರಿ!"

"ನಿನ್ನ ಗಂಡನೇ ನಿನ್ನನ್ನು ನಂಬಲಿಲ್ಲ, ನಾವು ನಂಬಬೇಕಾ?" ಅಂದಳು ಶೇಷಮ್ಮ.

ಆ ಮಾತು ಎದೆಗೇ ನಾಟಿತು. ಟಿಟ್ಟವ್ವ ಅದನ್ನೂ ನುಂಗಿಕೊಂಡಳು. ದೊಡ್ಡಯ್ಯನ ಜಂಬ ಎಂಥದೆಂದು ಅವಳಿಗೆ ಗೊತ್ತಿತ್ತು.

"ಆಯ್ತು, ನನ್ನ ಮಾತು ಬೇಡ. ಅಧ್ಯಕ್ಷರೇ, ನೀವೇ ಒಂದು ಸಲ ಏರಿ ಮೇಲೆ ನಡೆದು ತೋರಿಸಿ. ಏರಿ ನಿಮ್ಮ ಭಾರ ತಡೆದರೆ ಇವತ್ತೇ ರಾಜಕೀಯ ಬಿಟ್ಟು ಗುಡ್ಡಕ್ಕೆ ಹೋಗ್ತೀನಿ. ಹೆದರಿಕೆಯಾದರೆ ಬೇಡ ಬಿಡಿ."

"ಹೆದರಿಕೆಯಾ? ನನಗಾ?"

ದೊಡ್ಡಯ್ಯ ಎದೆಯುಬ್ಬಿಸಿ ಏರಿಯ ಮೇಲೆ ದಪ್ಪೆಂದು ಇಳಿದ. ಅತ್ತ ಇತ್ತ ವಾಲುತ್ತ ನಡೆದ. "ನೋಡಿ, ಬಂಡೆ ಇದ್ದ ಹಾಗಿದೆ..." ಅನ್ನುವಷ್ಟರಲ್ಲಿ ಬುಳುಕ್! ಕಾಲು ತೊಡೆಯವರೆಗೆ ಮಣ್ಣೊಳಗೆ ಹೋಯಿತು. ಪಕ್ಕದಲ್ಲೇ ಕೆಸರುನೀರು ಚಿಲ್ಲೆಂದು ಚಿಮ್ಮಿತು.

"ಕೋಡಿ ತೆಗೀರೋ! ಅಯ್ಯಯ್ಯೋ, ಕೋಡಿ!" ಎಂದು ಎಲ್ಲರಿಗಿಂತ ಮೊದಲು ಅರಚಿದವನು ಅದೇ ದೊಡ್ಡಯ್ಯ.

ಆಮೆಗಳು ದೂಡಿದವು, ನೀರುನಾಯಿಗಳು ಜೊಂಡು ಕಡಿದವು, ಶೇಷಮ್ಮ ನಾಮವೆಲ್ಲ ಕೆಸರು ಮಾಡಿಕೊಂಡು ಕೆದಕಿದಳು. ಟಿಟ್ಟವ್ವ ಏರಿಯುದ್ದಕ್ಕೂ ಓಡಿ, "ಇಲ್ಲೊಂದು ಬಿಲ! ಅಲ್ಲೊಂದು! ಹುಲ್ಲು ತುರುಕಿ!" ಎಂದು ಕೂಗುತ್ತಲೇ ಇದ್ದಳು. ಕೋಡಿ ಬಿಚ್ಚಿಕೊಂಡಿತು. ನೀರು ಭೋರೆಂದು ಆಚೆಯ ಹಳ್ಳಕ್ಕೆ ಹರಿದು ಕೆರೆ ಇಳಿಯಿತು. ಏರಿ ಉಳಿಯಿತು.

ದೊಡ್ಡಯ್ಯನನ್ನು ಮೂಲಂಗಿ ಕಿತ್ತ ಹಾಗೆ ಕಿತ್ತು ತೆಗೆದ ಮೇಲೆ ಎಲ್ಲರೂ ಟಿಟ್ಟವ್ವನನ್ನು ಸುತ್ತುಗಟ್ಟಿದರು. "ಇವನು ಇಳಿಯಲಿ. ನೀನೇ ಅಧ್ಯಕ್ಷೆ!"

"ಯಾಕೆ ಇಳೀಬೇಕು? ಸಾಲು ನಿಂತು ಆರಿಸಿದ್ದು ನೀವೇ ತಾನೆ? ಅವಧಿ ಮುಗಿಯುವ ತನಕ ಕೂರಲಿ" ಅಂದಳು ಟಿಟ್ಟವ್ವ. "ಮುಂದಿನ ಸಲ ಮತ್ತೆ ನಿಲ್ತೀನಿ. ಸೋತರೆ ಅದರ ಮುಂದಿನ ಸಲವೂ ನಿಲ್ತೀನಿ."

"ಅಲ್ಲಿಯವರೆಗೆ ಏನ್ಮಾಡ್ತೀಯೇ ತಾಯಿ?" ಅಂದಳು ಶೇಷಮ್ಮ, ಈ ಸಲ ಮೆಲ್ಲಗೆ.

"ಕೂಗ್ತೀನಿ. ಕಿವಿ ನೋವಾದರೆ ಹತ್ತಿ ಇಟ್ಟುಕೊಳ್ಳಿ" ಎಂದು ಟಿಟ್ಟವ್ವ ಹಸಿ ಏರಿಯ ಮೇಲೆ ಹೆಜ್ಜೆ ಹಾಕಿದಳು.

ನೀತಿ: ಚುನಾವಣೆಯಲ್ಲಿ ಸೋತವರಿಗೆ ಕುರ್ಚಿ ತಪ್ಪಬಹುದು, ಕೆಲಸ ತಪ್ಪುವುದಿಲ್ಲ.