ಗುರುಮಲ್ಲನ ಬಾತುಮರಿಗಳು

ಹೊಳೆದಂಡೆಯ ಒಂದು ಮಠ. ಅಲ್ಲಿ ಇದ್ದವರು ಇಬ್ಬರೇ, ಗುರು ನಿರ್ವಾಣಸ್ವಾಮಿಗಳು ಮತ್ತು ಶಿಷ್ಯ ಗುರುಮಲ್ಲ. ಆ ಸೀಮೆಯವರು ಸ್ವಾಮಿಗಳನ್ನು ‘ಬುದ್ಧಿ’ ಎಂದು ಕರೆಯುವುದು ವಾಡಿಕೆ. ಗುರುಮಲ್ಲನೂ ಹಾಗೆಯೇ ಕರೆಯುತ್ತಿದ್ದ.

ಗದ್ದೆಯಿಂದ ಗದ್ದೆಗೆ ಬಾತು ಮೇಯಿಸಿಕೊಂಡು ಹೋಗುವವರು ಒಂದು ಬೆಳಗ್ಗೆ ಮಠದ ಜಗಲಿಯ ಮೇಲೆ ಒಂಬತ್ತು ಮರಿ ಬಿಟ್ಟು ಹೋದರು. ಮೊಟ್ಟೆಯೊಡೆದು ಇನ್ನೂ ಮೂರು ದಿನ. ಅಷ್ಟು ದೂರ ನಡೆಯಲಾರವು, ಇಲ್ಲಾದರೂ ಬದುಕಿಕೊಳ್ಳಲಿ ಅಂದರು.

ಗುರುಮಲ್ಲ ಅಡುಗೆಮನೆಯಲ್ಲಿ ಬಿದಿರಿನ ದೊಡ್ಡ ಮಂಕರಿಯೊಂದನ್ನು ಇಟ್ಟ. ಅದರೊಳಗೆ ಹುಲ್ಲು ಹಾಸಿದ. ಮೇಲೆ ಒಂದು ಬಲ್ಬು ಇಳಿಬಿಟ್ಟ. ಮರಿಗಳು ಬಲ್ಬಿನ ಕೆಳಗೆ ಗುಂಪಾಗಿ ಮಲಗಿದವು. ಒಂದೂ ಸಾಯಲಿಲ್ಲ.

ಅದೇ ವಾರ ಗುರುಗಳು ಅಂದರು: “ಆಚೆ ದಡದ ಊರಿನವರು ಮಕ್ಕಳಿಗೆ ಅಕ್ಷರ ಹೇಳಿಕೊಡೋಕೆ ಒಬ್ಬರು ಬೇಕು ಅಂತಿದ್ದಾರೆ. ಇರೋಕೆ ಒಂದು ಕೋಣೆನೂ ಕೊಡ್ತಾರಂತೆ. ನೀನು ಹೋಗಿ ಬಾ ಗುರುಮಲ್ಲ.”

ಹನ್ನೆರಡು ವರ್ಷದಿಂದ ಗುರುಮಲ್ಲ ಮಠ ಬಿಟ್ಟು ಒಂದು ರಾತ್ರಿಯೂ ಬೇರೆ ಕಡೆ ಮಲಗಿದವನಲ್ಲ.

“ಹೋಗ್ತೀನಿ ಬುದ್ಧಿ. ಈ ಮರಿ ಒಂದಿಷ್ಟು ದೊಡ್ಡವಾಗಲಿ. ಇವನ್ನ ಹೊರಗಿನ ಗೂಡಿಗೆ ಬಿಟ್ಟ ಮಾರನೇ ದಿನವೇ ಹೊರಡ್ತೀನಿ.”

“ಆಗಲಿ,” ಅಂದರು ಗುರುಗಳು.

ಇನ್ನು ಮರಿಗಳು ಹೊರಗೆ ಹೋಗುವುದುಂಟೆ?

ಮೂರು ವಾರವಾಯಿತು, ಐದು ವಾರವಾಯಿತು. ಅರಿಶಿನ ಬಣ್ಣದ ನವಿರು ಉದುರಿ ಎದೆಯ ಮೇಲೆ, ಹೊಟ್ಟೆಯ ಕೆಳಗೆ ಗರಿ ಬಂತು. ಮಂಕರಿ ಸಾಲದಾಯಿತು. ಅಡುಗೆಮನೆ ಗಬ್ಬು ನಾರತೊಡಗಿತು. ಗುರುಗಳು ಕೇಳಿದಾಗಲೆಲ್ಲ ಗುರುಮಲ್ಲನ ಬಳಿ ಒಂದು ಉತ್ತರ ಸಿದ್ಧವಾಗಿರುತ್ತಿತ್ತು. ಇವತ್ತು ಗಾಳಿ ಜಾಸ್ತಿ ಬುದ್ಧಿ. ಇವತ್ತು ಮೋಡ. ಗೂಡಿನ ಅಗುಳಿ ಸಡಿಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗುರುಮಲ್ಲ ಕೆಟ್ಟವನಲ್ಲ, ಪಾಪ. ಅಂಜುಬುರುಕ, ಅಷ್ಟೆ.

ಒಂದು ಬೆಳಗ್ಗೆ ಗುರುಗಳು ಮಂಕರಿಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತರು. ಬಲ್ಬಿನ ಕೆಳಗೆ ಒಂದು ಮರಿಯೂ ಇರಲಿಲ್ಲ. ಒಂಬತ್ತೂ ಅಂಚಿಗೆ ಒತ್ತಿಕೊಂಡು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು.

“ಇವು ಯಾಕೆ ಹೀಗೆ ಕೂತಿವೆ?”

“ಚಳಿ ಬುದ್ಧಿ.”

“ನಿನ್ನ ತಲೆ ಇಲ್ಲಿಡು.”

ಗುರುಮಲ್ಲ ಬಲ್ಬಿನ ಕೆಳಗೆ ತಲೆಯಿಟ್ಟ. ಗುರುಗಳು ಏಳು ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಹಣೆಯಿಂದ ಬೆವರು ತೊಟ್ಟಿಕ್ಕಿತು.

“ಸುಡುತ್ತೆ ಬುದ್ಧಿ.”

“ಹೌದೇನಪ್ಪಾ? ಮರಿಗಳೂ ಎಂಟು ದಿನದಿಂದ ಅದನ್ನೇ ಹೇಳ್ತಿವೆ.”

“ಮೊದಲು ಈ ಕಾವು ಬೇಕಾಗಿತ್ತಲ್ಲ?”

“ಬೇಕಾಗಿತ್ತು. ಕೊಟ್ಟೆ. ನಿನ್ನ ಹೊಟ್ಟೆ ತಣ್ಣಗಿರಲಿ. ಈಗ ಯಾರಿಗೆ ಬೇಕು ಅದು, ಮರಿಗೋ, ನಿನಗೋ?”

ಅಷ್ಟು ಹೇಳಿ ಗುರುಗಳು ಎದ್ದು ಪೂಜೆಗೆ ಹೋದರು.

ಗುರುಮಲ್ಲನಿಗೆ ಉರಿದುಹೋಯಿತು. ಗುರುಗಳಿಗೆ ನನ್ನನ್ನು ಸಾಗಹಾಕಿದರೆ ಸಾಕಾಗಿದೆ, ಸರಿ, ಎಲ್ಲರೂ ಹೋಗೋಣ ಅಂದುಕೊಂಡ. ಬಲ್ಬು ಕಿತ್ತ. ಮಂಕರಿ ಹೊತ್ತು ಸೀದಾ ಹೊಳೆಗೆ ನಡೆದ. ಮೀನಿನ ಮರಿಗೆ ಈಜು ಕಲಿಸಬೇಕೆ ಎಂದು ತನಗೆ ತಾನೇ ಹೇಳಿಕೊಂಡು ಒಂಬತ್ತನ್ನೂ ನೀರಿಗೆ ಬಿಟ್ಟ.

ಈಜಿದವು, ಚೆನ್ನಾಗಿಯೇ ಈಜಿದವು. ಆಮೇಲೆ ಒಂದೊಂದೇ ಮರಿ ನೀರಲ್ಲಿ ಕುಸಿಯತೊಡಗಿತು. ಗರಿ ನೆಂದು ಮೈಗೆ ಅಂಟಿತು. ಎಂಟು ಮರಿ ಹೇಗೋ ದಡ ಹತ್ತಿ ಗಡಗಡ ನಡುಗಿದವು. ಎಲ್ಲಕ್ಕಿಂತ ಚಿಕ್ಕದು ಮಾತ್ರ ನಡುನೀರಲ್ಲಿ ಒಂದು ಪಕ್ಕಕ್ಕೆ ವಾಲಿತು.

ಗುರುಮಲ್ಲ ಉಟ್ಟ ಪಂಚೆಯಲ್ಲೇ ಹೊಳೆಗೆ ಬಿದ್ದ.

ಅವನು ಮಠಕ್ಕೆ ಓಡಿ ಬಂದಾಗ ಆ ಮರಿಯ ಕತ್ತು ಜೋತುಬಿದ್ದಿತ್ತು. ಗುರುಗಳು ಒಂದು ಮಾತೂ ಬೈಯಲಿಲ್ಲ. ಒಣಬಟ್ಟೆಯಲ್ಲಿ ಅದರ ಮೈ ಒರೆಸಿದರು. ತಮ್ಮ ಕಾವಿಯೊಳಗೆ, ಬರೀ ಎದೆಗೆ ಒತ್ತಿ ಇಟ್ಟುಕೊಂಡರು. ದಡದಲ್ಲಿ ಉಳಿದ ಎಂಟನ್ನು ಮಂಕರಿಗೆ ಹಾಕಿ ತಂದು ಮತ್ತೆ ಬಲ್ಬು ಹಚ್ಚು ಅಂದರು.

ಗುರುಮಲ್ಲ ಹಚ್ಚಿ ಬಂದು ಅವರ ಮುಂದೆ ಕೂತ. ಅವನಿಗೆ ಅಳು ತಡೆಯಲಾಗಲಿಲ್ಲ.

“ನೀರಿನ ಹಕ್ಕಿ ಬುದ್ಧಿ. ನೀರಲ್ಲೇ ಹೀಗಾಗುತ್ತೆ ಅಂತ ನನಗೇನು ಗೊತ್ತು?”

“ತಾಯಿ ಹೊಟ್ಟೆ ಕೆಳಗೆ ಬೆಳೆದ ಮರಿಗೆ ತಾಯಿ ಮೈಯ ಎಣ್ಣೆ ಹತ್ತುತ್ತೆ. ನೀರು ಜಾರಿ ಹೋಗುತ್ತೆ. ಇವು ಬಲ್ಬಿನ ಕೆಳಗೆ ಬೆಳೆದವು. ಬಲ್ಬಿನಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ತಮ್ಮ ಎಣ್ಣೆ ತಾವೇ ಕೊಕ್ಕಿನಿಂದ ಹಚ್ಚಿಕೊಳ್ಳೋದು ಕಲೀಬೇಕು. ಅದಕ್ಕೆ ದಿನಾ ಅಷ್ಟಷ್ಟು ನೀರು ಬೇಕು, ಅಷ್ಟಷ್ಟು ಗಾಳಿ ಬೇಕು.”

“ನೀವೇ ಅಲ್ವಾ ಹೊರಗೆ ಹಾಕು ಅನ್ನೋ ಹಾಗೆ ಮಾತಾಡಿದ್ದು?”

“ಸುಡ್ತಿದೆ ಅಂದೆ. ಎಸಿ ಅಂದೆನೇ?”

ಗುರುಮಲ್ಲ ತಲೆ ತಗ್ಗಿಸಿದ. ಐದು ವಾರದಿಂದ ಒಳಗೆ ಕುದಿಯುತ್ತಿದ್ದದ್ದು ಆಗ ಬಾಯಿಗೆ ಬಂತು.

“ನನ್ನನ್ನೂ ಹೋಗು ಅಂದಿರಿ.”

“ಏನಂದೆ? ನಾನು ಅಂದ ಹಾಗೇ ಹೇಳು.”

“ಹೋಗಿ ಬಾ ಅಂದಿರಿ.”

“ಎಷ್ಟು ಮಾತು ಅದು?”

“ಎರಡು ಬುದ್ಧಿ.”

“ನಿನ್ನ ಕಿವಿಗೆ ಎಷ್ಟು ಬಿತ್ತು?”

ಗುರುಮಲ್ಲ ಹುಟ್ಟಿದಾಗಿನಿಂದ ಸಾವಿರ ಸಲ ಕೇಳಿದ ಮಾತು ಅದು. ಸಂತೆಗೆ ಹೊರಟರೂ ಹೋಗಿ ಬಾ, ಸಾಲೆಗೆ ಹೊರಟರೂ ಹೋಗಿ ಬಾ. ಎಷ್ಟು ಸವೆದಿತ್ತೆಂದರೆ ಅದರ ಕೊನೆಯಲ್ಲಿ ಒಂದು ‘ಬಾ’ ಇದೆಯೆಂಬುದೇ ಅವನಿಗೆ ಮರೆತಿತ್ತು.

ಅಷ್ಟರಲ್ಲಿ ಗುರುಗಳ ಕಾವಿಯೊಳಗಿಂದ ಸಣ್ಣಗೆ ಕೀಂ ಎಂಬ ದನಿ ಬಂತು. ಆಮೇಲೆ ಇನ್ನೊಂದು. ಗುರುಮಲ್ಲ ಅಳುತ್ತಲೇ ನಕ್ಕುಬಿಟ್ಟ.

ಮಾರನೇ ದಿನದಿಂದ ಕೆಲಸ ಬೇರೆ ತರ ನಡೆಯಿತು. ಬಿಸಿಲು ಏರಿದ ಮೇಲೆ ಮರಿಗಳು ಹೊರಗಿನ ಗೂಡಿಗೆ, ಒಂದು ಗಳಿಗೆ ಬಿಟ್ಟು ಮತ್ತೆ ಒಳಗೆ. ಅದರ ಮಾರನೇ ದಿನ ಮಧ್ಯಾಹ್ನದವರೆಗೆ. ಅಗಲವಾದ ತಟ್ಟೆಯಲ್ಲಿ ಬೆರಳುದ್ದ ನೀರು. ಅದರಲ್ಲಿ ಕುಣಿದು, ಎದ್ದು, ಬಾಲದ ಬುಡಕ್ಕೆ ಕೊಕ್ಕು ತಿಕ್ಕಿ ಮೈಗೆಲ್ಲ ಸವರಿಕೊಳ್ಳುವುದನ್ನು ಅವು ಕಲಿತವು. ಸಂಜೆ ಒಳಗೆ ಬಂದರೆ ಬಲ್ಬು ಒಂದೊಂದು ಗೇಣು ಮೇಲೇರುತ್ತಿತ್ತು. ಹದ್ದು ಎರಗೀತೆಂದು ಗುರುಗಳು ಕೋಲು ಹಿಡಿದು ಗೂಡಿನ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದರು.

ಗುರುಮಲ್ಲನೂ ಆಚೆ ದಡಕ್ಕೆ ತೆಪ್ಪ ಹತ್ತಿದ. ಮೊದಲ ದಿನ ಹೋದವನು ಊಟದ ಹೊತ್ತಿಗೇ ವಾಪಸು. ಎರಡನೇ ದಿನ ಸಂಜೆಯವರೆಗೆ ಇದ್ದ.

“ಮಕ್ಕಳು ಹೇಗಿವೆ?” ಗುರುಗಳು ಕೇಳಿದರು.

“ಚೂಟಿ ಇವೆ ಬುದ್ಧಿ. ಒಬ್ಬಳು ಮಾತ್ರ ಣ ಅಕ್ಷರ ತಿರುಗಿಸೋಕೆ ಬರದೆ ಅತ್ತಳು.”

“ನೀನು?”

“ನಾನು ಅಳಲಿಲ್ಲ.”

“ಅಬ್ಬ,” ಅಂದರು ಗುರುಗಳು.

ಹೀಗೆ ಹನ್ನೆರಡು ದಿನ. ಹದಿಮೂರನೇ ದಿನ ಮರಿಗಳನ್ನು ದಡದಂಚಿನ ನೀರಿಗೆ ಬಿಟ್ಟರು. ನೀರು ಅವುಗಳ ಬೆನ್ನ ಮೇಲೆ ನಿಲ್ಲದೆ ಹನಿ ಹನಿಯಾಗಿ ಉರುಳಿ ಹೋಯಿತು. ಸಂಜೆ ಗುರುಮಲ್ಲ ಎಷ್ಟು ಕರೆದರೂ ಅವು ಅಡುಗೆಮನೆಯ ಕಡೆ ಬರಲಿಲ್ಲ. ತಾವಾಗಿಯೇ ಗೂಡು ಹೊಕ್ಕು ಹುಲ್ಲಿನ ಮೇಲೆ ಕೂತವು. ಗುರುಮಲ್ಲ ಅಗುಳಿ ಹಾಕಿ, ಎರಡು ಸಲ ಎಳೆದು ನೋಡಿದ. ಒಳಗೆ ಹೋಗಿ ಬಲ್ಬು ಬಿಚ್ಚಿಟ್ಟ.

ಬೆಳಗ್ಗೆ ಬಾಗಿಲು ತೆರೆದರೆ ಒಂಬತ್ತೂ ಇದ್ದವು. ಮುಂದೆ ನುಗ್ಗಿ ಬಂದದ್ದು ಆ ಚಿಕ್ಕದೇ.

ಮಾತು ಕೊಟ್ಟಾಗಿತ್ತು. ಆ ದಿನ ಗುರುಮಲ್ಲ ಬಟ್ಟೆ ಗಂಟು ಕಟ್ಟಿದ. ಆಚೆ ದಡದ ಕೋಣೆಯಲ್ಲೇ ಇನ್ನು ವಾಸ. ಸೋಮವಾರ ಸೋಮವಾರ ಮಠಕ್ಕೆ ಬಂದು ಹೋಗುವುದೆಂದು ಮಾತಾಗಿತ್ತು. ಗುರುಗಳ ಪಾದಕ್ಕೆ ಹಣೆ ಹಚ್ಚಿದವನು ಮೇಲೇಳಲೇ ಇಲ್ಲ.

“ಬುದ್ಧಿ, ಹನ್ನೆರಡು ವರ್ಷದಲ್ಲಿ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಇವತ್ತು ಹೇಳ್ತೀನಿ. ಜ್ವರದಲ್ಲಿ ನಡುಗ್ತಾ ಈ ಜಗಲಿ ಮೇಲೆ ಬಂದು ಬಿದ್ದಿದ್ದೆ. ಯಾರೂ ಹತ್ತಿರ ಬರಲಿಲ್ಲ. ನೀವು ಒಳಗೆ ಕರಕೊಂಡು ಹೋದಿರಿ. ಇದ್ದ ಒಂದೇ ಕಂಬಳಿ ನನಗೆ ಹೊದಿಸಿದಿರಿ. ಅನ್ನ ಕೊಟ್ಟಿರಿ, ಅಕ್ಷರ ಕೊಟ್ಟಿರಿ. ನೀವಿಲ್ಲದಿದ್ದರೆ ನಾನು ಇರ್ತಿರಲಿಲ್ಲ. ಇದಕ್ಕೆಲ್ಲ ನಾನು ನಿಮಗೆ ಏನು ಕೊಟ್ಟೆ?”

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಏಳಪ್ಪಾ, ತೆಪ್ಪದವನು ಕಾಯ್ತಿದ್ದಾನೆ. ಅವತ್ತು ಆ ಕಂಬಳಿಯೊಳಗೆ ನಾವಿಬ್ಬರೂ ಮಲಗಿದ್ದೆವು ಗುರುಮಲ್ಲ. ನೀನು ಬರೋ ತನಕ ನನಗೂ ಚಳಿ ಬಿಟ್ಟಿರಲಿಲ್ಲ.”