ಮೊದಲು ಯಾರು ಕೇಳಬೇಕು

ಇಬ್ಬರು ದೇಸಾಯರು ಒಂದು ಗುಡ್ಡಕ್ಕಾಗಿ ಕಾದಾಡಿದರು. ಗುಡ್ಡ ಇದ್ದಲ್ಲೇ ಇತ್ತು. ಸುತ್ತಲಿನ ಏಳು ಹಳ್ಳಿಯ ಜನ ಮಾತ್ರ ಮನೆಮಾರು ಬಿಟ್ಟು ಓಡಬೇಕಾಯಿತು.

ಓಡಿದವರು ಹೊಳೆಗೆ ಬಂದು ಸಿಕ್ಕ ಹರಗೋಲು ಹತ್ತಿದರು. ಸೆಳವು ಕೆಲವರನ್ನು ಈ ದಂಡೆಗೆ ತಂದಿತು, ಕೆಲವರನ್ನು ಆ ದಂಡೆಗೆ ಒಯ್ದಿತು.

ಈ ದಂಡೆಯಲ್ಲಿ ಒಂದು ಆಶ್ರಮ, ಆ ದಂಡೆಯಲ್ಲಿ ಒಂದು ಮಠ. ಎರಡೂ ಬಾಗಿಲು ತೆರೆದವು. ಅಷ್ಟರ ಮಟ್ಟಿಗೆ ಧರ್ಮ ಸರಿಯಾಗಿಯೇ ನಡೆಯಿತು.

ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಬಂದವರ ಊಟ, ವಸತಿ, ಔಷಧದ ಹೊಣೆಯನ್ನೆಲ್ಲ ಅವರು ಹಿರಿಯ ಶಿಷ್ಯ ಈರಭದ್ರನಿಗೆ ಒಪ್ಪಿಸಿದರು.

ಈರಭದ್ರ ಕೆಲಸಗಾರ. ಸುಳ್ಳು ಯಾಕೆ ಹೇಳಬೇಕು, ಅವನಿಲ್ಲದಿದ್ದರೆ ಅರ್ಧ ಜನ ಉಪವಾಸ ಬೀಳುತ್ತಿದ್ದರು. ಮೂರೇ ದಿನದಲ್ಲಿ ಒಲೆ ಹೂಡಿಸಿದ, ಚಪ್ಪರ ಹಾಕಿಸಿದ. ಕುಡಿಯುವ ನೀರಿಗೆ ಒಂದು ಜಾಗ, ಬಟ್ಟೆ ತೊಳೆಯಲು ಇನ್ನೊಂದು ಜಾಗ ಮಾಡಿದ. ಭೇದಿ ಹತ್ತಿದವರನ್ನು ಬೇರೆ ಮಲಗಿಸಿದ. ಸುತ್ತಲಿನ ಊರುಗಳಿಗೆ ಹೇಳಿ ಕಳಿಸಿ, ಒಂದೂರಿನವರು ಜೋಳ ತಂದರೆ ಇನ್ನೊಂದೂರಿನವರು ಕಟ್ಟಿಗೆ ತರುವ ಹಾಗೆ ನೋಡಿಕೊಂಡ. ಬಂದವರ ಹೆಸರನ್ನೂ ಊರನ್ನೂ ಓಲೆಯಲ್ಲಿ ಬರೆದಿಟ್ಟ.

ಒಂಬತ್ತನೆಯ ದಿನ ಅಜ್ಜಾರು ಕೇಳಿದರು: "ಎಷ್ಟ ಮಂದಿ ಅದಾರಪಾ?"

"ಮುನ್ನೂರ ಹನ್ನೆರಡು, ಅಜ್ಜಾರ."

"ಎಲ್ಲಾರೂ ಉಂಡಾರೇನು?"

"ಒಬ್ಬರೂ ಹಸದಿಲ್ರಿ," ಎಂದ ಈರಭದ್ರ. ಹೇಳುವಾಗ ಅವನ ಎದೆ ಸ್ವಲ್ಪ ಉಬ್ಬಿತು. ಉಬ್ಬಲಿ ಬಿಡಿ, ಮಾಡಿದ್ದ.

ಅಜ್ಜಾರು ಚಪ್ಪರಗಳ ಕಡೆ ನಡೆದರು.

ಕೊನೆಯ ಚಪ್ಪರದ ಹಿಂದೆ ಒಬ್ಬ ಹೆಣ್ಣುಮಗಳು ಜಾಲಿ ಗಿಡದ ಕಡೆ ಮುಖ ಮಾಡಿ ಕೂತಿದ್ದಳು. ಎದೆಹಾಲು ಹಿಂಡಿ ಮಣ್ಣಿಗೆ ಬಿಡುತ್ತಿದ್ದಳು. ಅಜ್ಜಾರು ತಟ್ಟನೆ ಬೆನ್ನು ತಿರುಗಿಸಿ ನಿಂತರು. ಅವಳು ಸೆರಗು ಹೊದ್ದು ಎದ್ದ ಮೇಲೆ ಕೇಳಿದರು:

"ಯಾರವ್ವ ನೀ?"

"ಸಾವಂತ್ರವ್ವ ಅಂತಾರ್ರಿ."

"ಕೂಸು ತೀರಿಕೊಂಡ್ತೇನವ್ವ?"

"ಅಯ್ಯ, ಬಿಡ್ತು ಅನ್ರಿ ಅಜ್ಜಾರ! ನನ್ನ ಕೂಸು ಐತಿ."

"ಬಿಡ್ತು, ಬಿಡ್ತು. ಎಲ್ಲೈತಿ?"

ಸಾವಂತ್ರವ್ವ ಹೇಳಿದಳು. ಎಂಟು ತಿಂಗಳ ಗಂಡುಕೂಸು. ಹರಗೋಲು ಹತ್ತುವ ಗದ್ದಲದಲ್ಲಿ ಅದನ್ನು ನಾದಿನಿಯ ಕೈಗೆ ಕೊಟ್ಟಿದ್ದಳು. ತಾನು ಕಾಲಿಡುವಷ್ಟರಲ್ಲಿ ಹರಗೋಲು ಬಿಟ್ಟುಬಿಟ್ಟಿತು. ಹಿಂದಿನದನ್ನು ಹತ್ತಿದಳು, ಅದು ಈ ದಂಡೆಗೆ ಬಂತು. ನಾದಿನಿ ಆ ದಂಡೆಯಲ್ಲಿರಬೇಕು. ಇರಲೇಬೇಕು.

"ಹಾಲು ಬತ್ತಬಾರದಂತ ದಿನಾ ಹಿಂಡಿ ಚೆಲ್ತೀನ್ರಿ. ಸಿಕ್ಕ ಮ್ಯಾಲ ಕುಡೀಬೇಕಲ್ರಿ ಅದು."

"ಹೊಳಿ ದಾಟಿ ನೋಡಬೇಕಿತ್ತವ್ವ."

"ಆಶ್ರಮದ ಅಪ್ಪಣಿ ಇಲ್ಲದ ದಾಟಸೂದಿಲ್ಲ ಅಂತಾನ್ರಿ ಅಂಬಿಗ."

"ಈರಭದ್ರಗ ಹೇಳಿಲ್ಲೇನು?"

"ದಿನಾ ಹೇಳ್ತೀನ್ರಿ. ಪಾಪ, ಅವರೂ ದಿನಾ ನಾಳೆ ಅಂತಾರ."

ಅಜ್ಜಾರು ಈರಭದ್ರನನ್ನು ಕರೆದರು. ಅವನು ಕೈಯಲ್ಲಿ ಓಲೆ ಹಿಡಿದುಕೊಂಡೇ ಬಂದ.

"ಈ ತಾಯಿ ಕೂಸಿನ ಸಲುವಾಗಿ ಆ ದಂಡಿಗೆ ಯಾಕ ಕೇಳಿ ಕಳಿಸಿಲ್ಲ?"

ಈರಭದ್ರ ಅತ್ತಿತ್ತ ನೋಡಿದ. "ಅವರು ಮೊದಲ ಕೇಳಿ ಕಳಸಲಿ ಅಂತ ಕಾಯಾಕತ್ತೀನ್ರಿ."

"ಯಾಕ?"

"ನಾವ ಮೊದಲ ಹೋದ್ರ ನಿಮ್ಮ ಪೀಠದ ಮರ್ಯಾದಿ ಏನಾತ್ರಿ? ಹದಿನಾಲ್ಕ ವರ್ಷದ ಹಿಂದ ಅವರ ಪಂಗತಿಯಾಗ ನಿಮ್ಮನ್ನ ಎರಡನೇ ಮಣೆ ಮ್ಯಾಲ ಕೂಡಿಸಿದ್ರು. ಅವರಾಗೇ ಕರಿಯೂತನಕ ಆ ದಂಡಿ ಮೆಟ್ಟೂದಿಲ್ಲ ಅಂತ ನೀವ ಹೇಳಿದ್ರಿ."

ಆ ಮಾತು ಅಜ್ಜಾರಿಗೆ ಸರಿಯಾಗಿಯೇ ನಾಟಿತ್ತು.

"ಹೌದು, ಹೇಳಿದ್ದೆ," ಎಂದರು. "ಹದಿನಾಲ್ಕ ವರ್ಷದಾಗ ನಿನಗ ಏನೇನೋ ಹೇಳಿದೆ. ಎಲ್ಲಾ ಮರತಿ. ಇದೊಂದು ಮಾತ್ರ ನೆನಪಿಟ್ಟಿ ನೋಡು ಮಾರಾಯಾ!"

ಈರಭದ್ರನ ಮುಖ ಸಣ್ಣದಾಯಿತು. "ಹಂಗಾದ್ರ ಈಗ ಪತ್ರ ಬರೀಲೇನ್ರಿ? ಬಿರುದು ಬಾವಲಿ ಎಲ್ಲಾ ಹಾಕಿ, ಬರೋಬ್ಬರಿ ಬರೀತೀನಿ."

ಅಜ್ಜಾರು ಹೆಗಲ ಮೇಲಿನ ಶಾಲು ತೆಗೆದು ಅವನ ಕೈಗೆ ಕೊಟ್ಟರು. ಪಾದುಕೆ ಕಳಚಿಟ್ಟರು. ಹೊಳೆಯ ಕಡೆ ಹೊರಟರು.

ಸ್ನಾನಕ್ಕಿರಬೇಕು ಅಂದುಕೊಂಡು ಈರಭದ್ರ ಪತ್ರ ಬರೆಯಲು ಕೂತ. ಆ ಮಠದ ಸ್ವಾಮಿಗಳ ಬಿರುದು ಒಂದೆರಡಲ್ಲ. ಹನ್ನೊಂದನೆಯದನ್ನು ಬರೆಯುತ್ತಿದ್ದಾಗ ಅಂಬಿಗ ಬಂದು ಬಾಗಿಲಲ್ಲಿ ನಿಂತ.

"ಅಜ್ಜಾರನ್ನ ಆ ದಂಡಿಗೆ ಬಿಟ್ಟು ಬಂದ್ನಿರಿ. ಕೂಡ ಒಬ್ಬ ಹೆಣ್ಮಗಳೂ ಇದ್ಲು."

"ಅಯ್ಯಯ್ಯೋ! ಬರಿಗಾಲಾಗ?"

ಈರಭದ್ರ ಶಾಲು ಬಗಲಲ್ಲಿ ಇಟ್ಟುಕೊಂಡ, ಪಾದುಕೆ ಕೈಗೆತ್ತಿಕೊಂಡ, ಹಬ್ಬಕ್ಕೆ ಹಿಡಿಯುವ ಜರಿಯ ಛತ್ರಿಯನ್ನೂ ಇಳಿಸಿಕೊಂಡು ಹೊಳೆಗೆ ಓಡಿದ.

ಆ ದಂಡೆಯಲ್ಲಿ ಊಟದ ಹೊತ್ತು. ಮಠದ ಬಾಗಿಲಲ್ಲಿ ಕಲ್ಮೇಶ ಎಂಬ ಶಿಷ್ಯ ಕೂತು ಹೊಸದಾಗಿ ಬಂದವರ ಹೆಸರು ಬರೆದುಕೊಳ್ಳುತ್ತಿದ್ದ. ಅವನೂ ಕೆಲಸಗಾರನೇ. ತಲೆ ಎತ್ತಲೂ ಪುರುಸೊತ್ತಿರಲಿಲ್ಲ.

"ಯಾವ ಊರು?"

"ಎದುರ ದಂಡಿ," ಎಂದರು ಅಜ್ಜಾರು.

"ಎಷ್ಟ ಮಂದಿ?"

"ಮೂರು."

ಕಲ್ಮೇಶ ತಲೆಯೆತ್ತಿ ನೋಡಿದ. ಬರಿಮೈಯ ಒಬ್ಬ ಮುದುಕ, ಒಬ್ಬ ಹೆಣ್ಣುಮಗಳು. "ಇಬ್ಬರ ಅದೀರಲ್ಲೋ ಯಜಮಾನ?"

"ಮೂರನೇದು ನಿಮ್ಮಲ್ಲೇ ಐತಿ. ಎಂಟ ತಿಂಗಳದ್ದು. ಹುಡುಕಿ ಕೊಡಪಾ, ಬೇಕಾದ್ರ ನಿನ್ನ ಕಾಲು ಬೀಳ್ತೀನಿ."

ಕಲ್ಮೇಶನ ಕೈ ನಿಂತಿತು. "ಗಂಡಕೂಸೇನು? ಎಡಗಿವಿ ಹಿಂದ ಕರೀ ಮಚ್ಚಿ?"

ಸಾವಂತ್ರವ್ವ ಉತ್ತರ ಹೇಳಲು ನಿಲ್ಲಲಿಲ್ಲ. ಅವನನ್ನು ದಾಟಿ ಒಳಗೆ ಓಡಿದಳು.

ಕೂಸು ನಾದಿನಿಯ ತೊಡೆಯ ಮೇಲಿತ್ತು. ಕೈಕಾಲು ಕಡ್ಡಿಯಾಗಿದ್ದವು. ರಾಗಿ ಗಂಜಿ ಕುಡಿಸಿದರೆ ಕಾರಿಕೊಳ್ಳುತ್ತದೆ, ಎರಡು ದಿನದಿಂದ ಅಳುವುದನ್ನೂ ಬಿಟ್ಟಿದೆ ಎಂದಳು ನಾದಿನಿ.

ಸಾವಂತ್ರವ್ವ ಎತ್ತಿಕೊಂಡು ಎದೆಗೆ ಹಚ್ಚಿದಳು. ಕೂಸು ಮುಖ ತಿರುಗಿಸಿತು. ಮತ್ತೆ ಹಚ್ಚಿದಳು. ಮತ್ತೆ ತಿರುಗಿಸಿತು. ಮೂರನೆಯ ಸಲ ಕೂಸು ಬಾಯಿ ಹಾಕಿತು. ಸಾವಂತ್ರವ್ವ ಗಟ್ಟಿಯಾಗಿ ಅತ್ತಳು. ಇಷ್ಟು ದಿನ ಅವಳು ಅತ್ತಿರಲಿಲ್ಲ.

ಮಠದ ವೈದ್ಯ ಬಂದು ನಾಡಿ ನೋಡಿದ. ಕೂಸು ಉಳಿಯುತ್ತದೆ ಎಂದ. ಇನ್ನೆರಡು ದಿನ ಕಳೆದಿದ್ದರೆ ತಾನು ಆ ಮಾತು ಹೇಳುತ್ತಿರಲಿಲ್ಲ ಎಂದೂ ಸೇರಿಸಿದ.

ಛತ್ರಿ ಹಿಡಿದು ಏದುಸಿರು ಬಿಡುತ್ತ ಈರಭದ್ರ ಬಂದಾಗ ಅಜ್ಜಾರು ಊಟದ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದರು. ಮುಂದೆ ಒಂದು ಮಣ್ಣಿನ ಪರಿಯಾಣ. ಕಲ್ಮೇಶ ಅಂಬಲಿ ಬಡಿಸುತ್ತಿದ್ದ.

"ಅಜ್ಜಾರ! ಇಲ್ಲೆ ಕೂತೀರಲ್ರಿ!"

ಕಲ್ಮೇಶ ಛತ್ರಿ ನೋಡಿದ, ಶಾಲು ನೋಡಿದ, ಮುದುಕನ ಮುಖ ನೋಡಿದ. ಸೌಟು ಗಡಿಗೆಯೊಳಗೆ ಬಿತ್ತು. "ತಪ್ಪಾತ್ರಿ ಅಜ್ಜಾರ! ಗೊತ್ತಾಗಲಿಲ್ರಿ. ನಮ್ಮ ಸ್ವಾಮಿಗಳಿಗೆ ಹೇಳ್ತೀನಿ, ಮಣೆ ಹಾಕ್ತೀವಿ, ಮೊದಲನೇ ಮಣೆ..."

"ಅಂಬಲಿ ಹಾಕಪಾ ಮೊದಲ," ಎಂದರು ಅಜ್ಜಾರು. "ಹಸಿವಾಗೈತಿ."

ಆಮೇಲೆ ಈರಭದ್ರನ ಕಡೆ ತಿರುಗಿದರು. "ನಿನ್ನ ಓಲಿ ತಂದೀಯೇನು?"

"ಛತ್ರಿ ತಂದೀನ್ರಿ."

"ಓಲಿ?"

"ಇಲ್ರಿ."

"ಹೋಗಿ ತಾ."

ಈರಭದ್ರ ಮತ್ತೆ ಹೊಳೆ ದಾಟಿದ, ಓಲೆ ತಂದ. ಕಲ್ಮೇಶ ತನ್ನದನ್ನು ಬಿಚ್ಚಿದ. ಇಬ್ಬರೂ ಚಪ್ಪರದ ನಡುವೆ ನಿಂತು ಆಶ್ರಮದಲ್ಲಿದ್ದವರ ಒಂದೊಂದೇ ಹೆಸರು ಕೂಗಿ ತಾಳೆ ನೋಡಿದರು. ಅಲ್ಲೊಬ್ಬರು ನಮ್ಮವರು ಎಂದರು, ಇಲ್ಲೊಬ್ಬರು ಎದ್ದು ನಿಂತರು. ಹೆಂಡತಿ ಸತ್ತಳೆಂದು ತಿಳಿದವನು ಅವಳ ಹೆಸರು ಕೇಳಿ ಕೂತಲ್ಲೇ ಕುಸಿದ. ಓದಿ ಮುಗಿಸುವಷ್ಟರಲ್ಲಿ ಹದಿನೇಳು ಮನೆಯವರಿಗೆ ತಮ್ಮವರು ಸಿಕ್ಕಿದರು. ನಡುವೆ ಒಂದು ಹೊಳೆಯಷ್ಟೇ ಇತ್ತು.

ಜನರೆಲ್ಲ ಹೊಳೆಯ ಕಡೆ ಓಡಿದ ಮೇಲೆ ಈರಭದ್ರ ಕಲ್ಮೇಶನ ಬಳಿ ನಿಂತು ಸಣ್ಣ ದನಿಯಲ್ಲಿ ಕೇಳಿದ: "ತಾಯಿ ಇಲ್ಲದ ಕೂಸು ನಿಮ್ಮಲ್ಲಿ ಐತಿ ಅಂತ ಒಂದ ಮಾತು ಹೇಳಿ ಕಳಸಬಾರದಿತ್ತೇನು?"

"ನೀವ ಮೊದಲ ಕೇಳ್ತೀರಿ ಅಂತ ಕಾಯಾಕತ್ತಿದ್ವಿ," ಎಂದ ಕಲ್ಮೇಶ. "ನಾವ ಮೊದಲ ಕಳಿಸಿದ್ರ ನಮ್ಮ ಪೀಠದ ಮರ್ಯಾದಿ ಏನಾಗಬೇಕು?"

ಈರಭದ್ರನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬೆಳಗಿನಿಂದ ಇದೇ ಮೊದಲ ಸಲ ಅವನು ಸರಿಯಾಗಿ ಉಸಿರು ಬಿಟ್ಟ. ಲಗುಬಗೆಯಿಂದ ಗುರುಗಳ ಬಳಿ ಬಂದು ಕೂತ.

"ಅಜ್ಜಾರ, ತಪ್ಪು ನಮ್ಮದೊಂದ ಅಲ್ರಿ. ಅವರೂ ನಮ್ಮಂಗ ಕಾಯಾಕತ್ತಿದ್ರಂತ. ನೋಡಿದ್ರ ಎರಡೂ ಕಡೆ ತಪ್ಪು ಸಮಾ ಸಮಾ ಐತ್ರಿ."

ಅಜ್ಜಾರು ಚೊಂಬಿನಲ್ಲಿದ್ದ ಕೊನೆಯ ಗುಟುಕು ನೀರು ಕುಡಿದರು. ಬಾಯಿ ಒರೆಸಿಕೊಂಡರು.

"ಚಲೋ ಆತಲ್ಲ," ಎಂದರು. "ಹೋಗು, ಆ ಕೂಸಿಗೂ ತಿಳಿಸಿ ಹೇಳಿ ಬಾ."